ಬ್ಯಾಸ್ ಹಾರ್ಬರ್ ನೀರಿನಲ್ಲಿ ಕೇಳಿದ ಸೀಟಿ

ಹೆಸರು ಹಾರ್ಲನ್ ಬೀಲ್, ತಂದೆ ದಿವಂಗತ ಆಲ್ಟನ್ ಬೀಲ್, ವಯಸ್ಸು 58 ವರ್ಷ, ಕಸುಬು ಲಾಬ್‌ಸ್ಟರ್ ಹಿಡಿಯುವುದು, ವಾಸ ಬ್ಯಾಸ್ ಹಾರ್ಬರ್, ಮೌಂಟ್ ಡೆಸರ್ಟ್ ದ್ವೀಪ, ಮೇನ್ ರಾಜ್ಯ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಪ್ರವಾಸಿ ನೋರಾ ಕೆಸ್ಲರ್ ಅವರ ಸಾವಿನ ಬಗ್ಗೆ ಸೆಪ್ಟೆಂಬರ್ 14ರಂದು ಕೊಟ್ಟ ಹೇಳಿಕೆಯಲ್ಲಿ ನನಗೆ ಏನೂ ಕೇಳಿಸಲಿಲ್ಲ ಎಂದಿದ್ದೆ. ಅದು ಸುಳ್ಳು.

ದಿನಾಂಕ 13ರಂದು ಸಂಜೆ 4:30ಕ್ಕೆ ಸದರಿ ನೋರಾ ತಮ್ಮ ಗಂಡನೊಡನೆ ಕಯಾಕ್ ದೋಣಿಯಲ್ಲಿ ನಮ್ಮ ದೋಣಿಕಟ್ಟೆಗೆ ಬಂದರು. ದ್ವೀಪದ ರಾಷ್ಟ್ರೀಯ ಪಾರ್ಕಿನ ಆ ಕಡೆ ಪ್ರವಾಸಿಗರ ನಡುವೆ ಕಾಲಿಡಲೂ ಜಾಗವಿಲ್ಲ, ಈ ಕಡೆ ತಮ್ಮ ಉಸಿರು ತಮಗೇ ಕೇಳುತ್ತದೆ ಎಂದರು. ಜನವರಿಯಲ್ಲಿ ಬನ್ನಿ, ಚಳಿಗೆ ಅದೂ ಹೆಪ್ಪುಗಟ್ಟಿ ಕೇಳುವುದಿಲ್ಲ ಎಂದೆ. ಆಕೆ ನಕ್ಕರು.

14ರಂದು ಬೆಳಿಗ್ಗೆ 6:40ಕ್ಕೆ ಬಂಡೆಸಾಲಿನ ಬಳಿ ಬಲೆಪೆಟ್ಟಿಗೆಯ ಗುರುತಿಗೆ ನೀರ ಮೇಲೆ ಬಿಡುವ ನನ್ನ ತೇಲುಬುರುಡೆಯೊಂದರ ಕಡ್ಡಿಗೆ ಅದರ ಹಗ್ಗ ಸುತ್ತಿ ಗಂಟು ಹಾಕಿದ್ದು ಕಂಡಿತು. ನಮ್ಮಲ್ಲಿ ಒಬ್ಬನ ಜಾಗದಲ್ಲಿ ಇನ್ನೊಬ್ಬ ಬಲೆಪೆಟ್ಟಿಗೆ ಇಳಿಸಿದರೆ ಬಾಯಿಬಿಟ್ಟು ಜಗಳ ಆಡುವುದಿಲ್ಲ. ಹೀಗೆ ಗಂಟು ಹಾಕಿ ಹೋಗುತ್ತೇವೆ. ಅದು ಎಚ್ಚರಿಕೆ. ಆಮೇಲೂ ಪೆಟ್ಟಿಗೆ ತೆಗೆಯದಿದ್ದರೆ ಹಗ್ಗ ಕತ್ತರಿಸುತ್ತೇವೆ, ಪೆಟ್ಟಿಗೆ ತಳದಲ್ಲೇ ಉಳಿಯುತ್ತದೆ. ಆ ಬಂಡೆಸಾಲಿನ ಆಚೆ ನೀರು ಲೈಲ್ ಕ್ರೌಲಿಯದು. ಗಂಟು ಅವನದೇ ಎಂದು ತೀರ್ಮಾನಿಸಿದೆ. ನನಗೆ ಮೈಯೆಲ್ಲ ಉರಿಯಿತು.

10:30ಕ್ಕೆ ಮಂಜು ಕವಿಯಿತು. 10:52ಕ್ಕೆ ಆಗ್ನೇಯದಿಂದ, ಅಂದಾಜು ಅರ್ಧ ಮೈಲಿ ದೂರದಿಂದ, ಸೀಟಿ ಕೇಳಿಸಿತು. ಲೈಲ್ ಶಾಲೆಯ ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ರೆಫರಿ. ಅವನ ಜಾಗಕ್ಕೆ ಯಾರಾದರೂ ಬಂದರೆ ದೋಣಿಯಿಂದಲೇ ಸೀಟಿ ಊದಿ ಕೆಣಕುವುದು ಅವನ ಚಾಳಿ. ಊದಿಕೋ ಮಗನೇ ಎಂದುಕೊಂಡು ನಾನು ಪೆಟ್ಟಿಗೆಗಳನ್ನು ಎತ್ತುತ್ತಾ ಹೋದೆ. ದೋಣಿಯನ್ನು ತಿರುಗಿಸಲಿಲ್ಲ, ರೇಡಿಯೋದಲ್ಲಿ ಯಾರನ್ನೂ ಕೇಳಲಿಲ್ಲ.

ಮಧ್ಯಾಹ್ನ 1:15ಕ್ಕೆ, ಬೆಳಿಗ್ಗೆ ಕಯಾಕ್‌ನಲ್ಲಿ ಒಂಟಿಯಾಗಿ ಹೋದ ಹೆಂಡತಿ ಮರಳಿಲ್ಲ ಎಂದು ಶ್ರೀ ಕೆಸ್ಲರ್ ಕಟ್ಟೆಯಲ್ಲಿ ತಿಳಿಸಿದರು. ನಾವೆಲ್ಲ ಹುಡುಕಲು ಹೊರಟೆವು. 2:25ಕ್ಕೆ ಲೈಲ್ ಆಕೆಯ ದೇಹವನ್ನು ನೀರಿನಿಂದ ಎತ್ತಿದ. ಕಟ್ಟೆಗೆ ಬಂದ ಮೇಲೆ ಅವನು ನನ್ನ ಹತ್ತಿರ ಬಂದು, "ಲೋ ಹಾರ್ಲನ್, ನಾನು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಎಂಜಿನ್ ಬಿಚ್ಕೊಂಡು ಇಲ್ಲೇ ಬಿದ್ದಿದ್ದೆ ಕಣೋ. ನೀನು ಅಲ್ಲೇ ಇದ್ಯಲ್ಲ, ಏನೂ ಕೇಳಿಸ್ಲಿಲ್ವಾ?" ಎಂದು ಕೇಳಿದ. ಇಲ್ಲ ಎಂದೆ. ಸಂಜೆ ಪೊಲೀಸರಿಗೂ ಅದನ್ನೇ ಹೇಳಿದೆ.

ಇಂದು ಬೆಳಿಗ್ಗೆ 7:30ಕ್ಕೆ ಶ್ರೀ ಕೆಸ್ಲರ್ ಕಟ್ಟೆಗೆ ಬಂದು ಹುಡುಕಲು ಹೋಗಿದ್ದವರಿಗೆಲ್ಲ ಕೈಕುಲುಕಿ ವಂದಿಸಿದರು. 13ರಂದು ತಾವಿಬ್ಬರೂ ಹಳದಿ ನೀಲಿ ಬಣ್ಣದ ಬುರುಡೆಯೊಂದಕ್ಕೆ ಕಯಾಕ್ ಕಟ್ಟಿ ಬ್ರೆಡ್ಡು ತಿಂದದ್ದನ್ನು ಹೇಳಿದರು. ಹೊರಡುವಾಗ ಬುರುಡೆಯ ಹಗ್ಗ ಜೋಲಾಡಬಾರದೆಂದು ನೋರಾ ಅದನ್ನು ಕಡ್ಡಿಗೆ ಅಚ್ಚುಕಟ್ಟಾಗಿ ಸುತ್ತಿ ಗಂಟು ಹಾಕಿದರಂತೆ. ನಮ್ಮಲ್ಲಿ ಒಬ್ಬೊಬ್ಬರ ಬುರುಡೆಗೆ ಒಂದೊಂದು ಬಣ್ಣ. ಆ ಬಣ್ಣ ನನ್ನದು.

ಆಮೇಲೆ ಅವರು ನನ್ನ ಕೈ ಹಿಡಿದುಕೊಂಡು, "ಅವಳ ಕೊರಳಲ್ಲಿ ಸೀಟಿ ಇತ್ತು ಸರ್. ಊದಿರ್ತಾಳೆ ಅಲ್ವಾ? ಎಷ್ಟು ಹೊತ್ತು ಊದಿದ್ಲೋ, ಅದೊಂದು ಗೊತ್ತಾದ್ರೆ ಸಾಕು" ಎಂದರು. ನಾನು ಅಲ್ಲಿಂದ ನೇರ ಠಾಣೆಗೆ ಬಂದೆ.

ಹದಿನಾಲ್ಕು ನಿಮಿಷ. ದೋಣಿಯ ಗಡಿಯಾರದಲ್ಲಿ 11:06ಕ್ಕೆ ನಿಂತಿತು. ಲೈಲ್‌ಗೆ ಉಸಿರು ಸಾಕಾಯಿತು ಎಂದುಕೊಂಡು ನಾನು ನಕ್ಕೆ. ಈ ಮಾತನ್ನು ಬಿಡದೆ ಬರೆದುಕೊಳ್ಳಬೇಕೆಂದು ನಾನೇ ಕೇಳಿಕೊಂಡಿದ್ದೇನೆ.

ಮೇಲೆ ಬರೆಸಿದ್ದನ್ನು ನನಗೆ ಓದಿ ಹೇಳಲಾಗಿದೆ. ಈ ಸಲ ಎಲ್ಲವೂ ನಿಜ.

ಸ್ಥಳ: ಬ್ಯಾಸ್ ಹಾರ್ಬರ್
ದಿನಾಂಕ: ಸೆಪ್ಟೆಂಬರ್ 17, ಬೆಳಿಗ್ಗೆ 9:10
ಸಹಿ: ಹಾರ್ಲನ್ ಬೀಲ್