ಸೊಟ್ಟ ಹೊಲಿಗೆಯ ದಿಂಬು

ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ನಿವೃತ್ತ ಟೀಚರಮ್ಮನ ಕಿವಿ ಪಕ್ಕದ ಅತ್ತೆ ಸೊಸೆಯರ ಮಾತಿನ ಮೇಲೇ ಇತ್ತು. ಅತ್ತೆ ಐವತ್ತು ವರ್ಷ ಊರಿನ ಬಟ್ಟೆ ಹೊಲಿದವರು.

“ಅತ್ತೆ, ನೆನಪಿದೆಯಲ್ಲ? ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ರೆ ಮಾತ್ರ ಮತ್ತೆ ಹೊಲಿಗೆ ಮೆಷಿನ್ ತುಳೀಬಹುದು ಅಂದಿದ್ದಾರೆ ಡಾಕ್ಟ್ರು.”

“ಹೋದ ತಿಂಗಳು ಎರಡಕ್ಕೇ ಕುಸಿದು ಕೂತೆ. ಮರೀತೀನಾ?”

“ಆಗ ಮಂಡಿ ನೋವಿಗೆ ನಿದ್ದೇನೇ ಇರ್ಲಿಲ್ಲ. ನಿದ್ದೆ ಇಲ್ದೆ ಶಕ್ತಿ ಎಲ್ಲಿಂದ ಬರುತ್ತೆ?”

“ನೋವು ಈಗ್ಲೂ ಇದೆ ಕಣೇ. ಆದ್ರೆ ನೀನು ಹೊಲಿದುಕೊಟ್ಟ ದಿಂಬು ಮಂಡಿ ಮಧ್ಯೆ ಇಟ್ಕೊಂಡ್ರೆ ಬೆಳಗಾಗಿದ್ದೇ ಗೊತ್ತಾಗಲ್ಲ.”

“ಹೊಲಿಗೆ ಸೊಟ್ಟ ಅಂತ ಮನೆಮಂದಿಗೆಲ್ಲ ತೋರಿಸಿ ನಕ್ರಲ್ಲ!”

“ಸೊಟ್ಟಗಿರೋದನ್ನ ನೆಟ್ಟಗಿದೆ ಅಂದ್ರೆ ನನ್ನ ಕಸುಬಿನ ಮರ್ಯಾದೆ ಏನಾಗ್ಬೇಕು?”

ನರ್ಸ್ ಬಾಗಿಲಲ್ಲಿ ನಿಂತು ಕರೆದಳು. ಸೊಸೆ ಅತ್ತೆಯ ಮೊಣಕೈ ಕೆಳಗೆ ತನ್ನ ಕೈ ಒಡ್ಡಿದಳು, ಆದರೆ ಮುಟ್ಟಲಿಲ್ಲ. ಟೀಚರಮ್ಮ ಅದನ್ನು ಗಮನಿಸಿದರು. ಅತ್ತೆ ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು, ಹಲ್ಲು ಕಚ್ಚಿ, ಎದ್ದು ನಿಂತರು.

“ಇದು ಲೆಕ್ಕಕ್ಕಿಲ್ಲಮ್ಮ. ಒಳಗೆ ಇನ್ನೂ ಐದು ಸಲ ಎದ್ದು ತೋರಿಸ್ತೀನಿ.”

“ಆಗಲಿ ಅಜ್ಜಿ. ಜೊತೇಲಿರೋರು ಯಾರು, ಮಗಳಾ?”

“ಸೊಸೆ. ದಿಂಬು ಹೊಲಿದವಳು,” ಎಂದು ಅವರು ಇಡೀ ಕಾರಿಡಾರಿಗೆ ಕೇಳುವಂತೆ ಹೇಳಿ ಒಳಗೆ ನಡೆದರು.