ಐಸ್ ಹೆಂಗಸಿನ ಕಿರುಬೆರಳು

ಊಟ ಆಗಿದೆ ತಾನೆ ಎಲ್ಲರದ್ದೂ? ಆಗಿಲ್ಲ ಅಂದ್ರೆ ಈಗಲೇ ಎದ್ದು ಹೋಗಿ ಮುಗಿಸ್ಕೊಂಡು ಬನ್ನಿ. ಆಮೇಲೆ ತಟ್ಟೆ ಮುಂದೆ ಕೂತು ನನ್ನ ಬೈಯೋದು ಬೇಡ. ಇದು ಯಾರೋ ಯಾರಿಗೋ ಹೇಳಿದ ಕತೆ ಅಲ್ಲ. ನಮ್ಮ ದೊಡ್ಡಪ್ಪನ ಮಗನಿಗೇ ಆಗಿದ್ದು.

ಅವನು ಪ್ಲಂಬರ್. ಬಚ್ಚಲು ಕಟ್ಟಿಕೊಂಡರೆ ಜನ ಅವನನ್ನೇ ಕರೆಯೋದು. ತುದಿ ಬಗ್ಗಿಸಿದ ಒಂದು ತಂತಿ ಯಾವಾಗಲೂ ಜೇಬಲ್ಲಿ. ಸೋಪು, ಎಣ್ಣೆ, ಕೂದಲು ಎಲ್ಲ ಸೇರಿ ಕಪ್ಪಗೆ ಲೋಳೆಲೋಳೆ ಆಗಿರುತ್ತಲ್ಲ, ಆ ಮುದ್ದೆನ ಪೈಪಿಂದ ಹೊರಗೆ ತೆಗೆದು, ಕೈ ತೊಳ್ಕೊಂಡು, ಅಲ್ಲೇ ಡಬ್ಬಿ ಬಿಚ್ಚಿ ಊಟ ಮಾಡ್ತಿದ್ದ ಪುಣ್ಯಾತ್ಮ. ಹೇಸಿಗೆ ಅನ್ನೋದೇ ಇವನಿಗೆ ಗೊತ್ತಿಲ್ಲ ಅಂತ ಮನೇಲಿ ನಗ್ತಿದ್ವಿ. ಅವನ ಕಸುಬಲ್ಲಿ ಒಂದೇ ಕಟ್ಟುನಿಟ್ಟು. ಪೈಪಲ್ಲಿ ಕೂದಲು ಸಿಕ್ಕಿದ್ರೆ ಜಗ್ಗಬಾರದು, ಕೊಯ್ಯಲೂ ಬಾರದು. ನಿಧಾನಕ್ಕೆ ಸುತ್ತಿ ಸುತ್ತಿ ತೆಗೀಬೇಕು. ಕೊಯ್ದರೆ ಉಳಿದಿದ್ದು ಇನ್ನೂ ಆಳಕ್ಕೆ ಜಾರಿ ಕೂತುಬಿಡುತ್ತೆ.

ಅವನ ತಂಗಿಗೆ ಮದುವೆ ಗೊತ್ತಾಗಿತ್ತು, ಅವನ ಗೆಳೆಯನ ಜೊತೆಗೇ. ಅವತ್ತಿಂದ ಆ ಗೆಳೆಯನನ್ನ ಎಲ್ಲರೂ ಮದುಮಗ ಅಂತಲೇ ಕರೀತಿದ್ರು. ಮದುವೆಗೆ ಮುಂಚೆ ಒಂದು ಸಲ ಸುತ್ತಾಡಿ ಬರೋಣ ಅಂತ ಇವರಿಬ್ಬರು, ಜೊತೆಗೊಬ್ಬ ಸ್ಕೂಲ್ ಮೇಷ್ಟ್ರು, ಒಂದು ವಾರದ ಮಟ್ಟಿಗೆ ಗಡಿ ದಾಟಿ ಪರದೇಶದ ಐಸ್ ಹಬ್ಬ ನೋಡೋಕೆ ಹೊರಟರು. ಏರ್‌ಪೋರ್ಟಿಗೆ ಬಿಡೋಕೆ ಬಂದ ತಂಗಿ, "ಅಣ್ಣಾ, ಇವರಿಗೆ ಹುಡುಗಾಟ ಜಾಸ್ತಿ. ಹೆಂಗೆ ಕರ್ಕೊಂಡು ಹೋಗ್ತಿದ್ದೀಯೋ ಹಂಗೇ ವಾಪಸ್ ಕರ್ಕೊಂಡು ಬಾ" ಅಂದಳು. "ನಿನ್ನ ಸಾಮಾನಿಗೆ ಒಂದು ಗೀರೂ ಬೀಳಲ್ಲ ಹೋಗೇ" ಅಂತ ಅವನು ನಕ್ಕ.

ಆ ಊರಲ್ಲೊಂದು ದೊಡ್ಡ ಕೆರೆ. ಚಳಿಗೆ ಕಲ್ಲಾಗಿ ನಿಂತಿತ್ತು. ಅದರಿಂದಲೇ ಗರಗಸದಲ್ಲಿ ಐಸ್ ಕೊಯ್ದು, ದಿಮ್ಮಿ ದಿಮ್ಮಿ ತೆಗೆದು, ದಡದ ಮೇಲೆ ಬೊಂಬೆ ಕೆತ್ತಿದ್ರು. ಆನೆ, ಕೋಟೆ, ಮೀನು, ಎಲ್ಲಕ್ಕೂ ಬಣ್ಣದ ಲೈಟು. ರಾತ್ರಿ ಜನ ಕರಗಿದ ಮೇಲೆ ಮೂವರೂ ಲಾಡ್ಜ್ ಕಡೆ ಹೊರಟರು. ದಾರಿ ಕೆರೆ ದಂಡೆಯಲ್ಲೇ. ದಿಮ್ಮಿ ಕೊಯ್ದ ಜಾಗದಲ್ಲಿ ಚೌಕದ ಗುಂಡಿ, ಸುತ್ತ ಹಗ್ಗ, ಒಳಗೆ ಬಾವಿ ಥರ ಕಪ್ಪು ನೀರು. ಬೂಟಿನ ಕೆಳಗೆ ಹಿಮ ಕರ್... ಕರ್... ಅಂತಿತ್ತು. ಗುಂಡಿಯಿಂದ ಒಂದು ಸದ್ದು. ಗುಳುಂ...

"ಮೀನಾ?" ಮೇಷ್ಟ್ರು ಪಿಸುಗುಟ್ಟಿದ್ರು.

"ಏನೋ ಒಂದು. ನಡೀರಿ" ಅಂದ ಪ್ಲಂಬರ್.

ಗುಂಡಿ ಪಕ್ಕದಲ್ಲೇ ಒಂಟಿಯಾಗಿ ಒಂದು ಐಸ್ ಹೆಂಗಸು. ಅದಕ್ಕೆ ಮಾತ್ರ ಲೈಟಿಲ್ಲ. ತಲೆ ಬಗ್ಗಿಸಿ, ಒಂದು ಕೈ ಮುಂದೆ ಚಾಚಿ ನಿಂತಿತ್ತು. ಮದುಮಗ ಹೋಗಿ ಕೈ ಕುಲುಕಿದ. "ಲಾಡ್ಜಲ್ಲಿ ಗ್ಲಾಸಿಗೆ ಐಸ್ ಇಲ್ಲ ಅಂದ್ರಲ್ಲ, ನೀನೇ ಕೊಡು ತಾಯಿ!" ಕಟಕ್... ಕಿರುಬೆರಳು ಮುರಿದು ಜೇಬಿಗೆ ಹಾಕ್ಕೊಂಡ.

"ಥೂ! ಎಷ್ಟು ಜನ ಮುಟ್ಟಿರ್ತಾರೋ, ಯಾವ ನಾಯಿ ನೆಕ್ಕಿರುತ್ತೋ. ಬಿಸಾಕೋ" ಅಂದ ಪ್ಲಂಬರ್.

"ಬಚ್ಚಲಿಗೆ ಕೈ ಹಾಕೋನು ನೀನು ಹೇಳ್ತೀಯಾ ಭಾವ!"

ಹೊರಗೆ ಉಗುಳಿದ್ರೆ ಗಡ್ಡೆ ಕಟ್ಟೋ ಚಳಿ. ಇವನಿಗೆ ಐಸ್ ಬೇಕಂತೆ, ಐಸ್! ರೂಮಿಗೆ ಹೋಗಿ ಬೆರಳನ್ನ ಗ್ಲಾಸಿಗೆ ಹಾಕ್ಕೊಂಡು ಕುಡಿದ. ಮೇಷ್ಟ್ರು ಹಲ್ಲುನೋವು ಅಂತ ತಪ್ಪಿಸ್ಕೊಂಡ್ರು. ಪ್ಲಂಬರ್ ಮುಖ ತಿರುಗಿಸ್ಕೊಂಡ. ಹೀಟರ್ ಉರೀತಿರೋ ರೂಮಲ್ಲೂ ಆ ಬೆರಳು ಕರಗಲೇ ಇಲ್ಲ ನೋಡಿ. ಕೊನೆಗೆ ಬಾಯಿಗೇ ಹಾಕ್ಕೊಂಡು, ಕರಂ ಕುರುಂ ಅಂತ ಅಗಿದು ನುಂಗಿದ. "ಏನೋ ಕೆಸರು ವಾಸನೆ ಕಣೋ" ಅಂದ. ನಕ್ಕ. ಮಲಗಿದ.

ರಾತ್ರಿ ಅದ್ಯಾವಾಗಲೋ ಪ್ಲಂಬರಿಗೆ ಎಚ್ಚರ ಆಯ್ತು. ಕ್ಕ್... ಕ್ಕ್... ಕ್ಕ್... ಬಚ್ಚಲು ಕಟ್ಟಿಕೊಂಡಾಗ ಬರೋ ಸದ್ದು. ಅಭ್ಯಾಸಬಲ, ನಿದ್ದೆಗಣ್ಣಲ್ಲೇ ಜೇಬಿನ ತಂತಿ ಹುಡುಕಿದ. ಆಮೇಲೆ ಗೊತ್ತಾಯ್ತು, ಸದ್ದು ಪಕ್ಕದ ಹಾಸಿಗೆಯಿಂದ ಬರ್ತಿದೆ ಅಂತ.

ಮದುಮಗ ಎದ್ದು ಕೂತಿದ್ದ. ಮುಖ ನೀಲಿ. ಉಸಿರು ಒಳಗೂ ಹೋಗ್ತಿಲ್ಲ, ಹೊರಗೂ ಬರ್ತಿಲ್ಲ. ಮೇಷ್ಟ್ರು ಮೊಬೈಲ್ ಲೈಟ್ ಬಿಟ್ಟರು.

"ಬಾಯಿ ತೆಗಿ... ಇನ್ನೂ... ಇನ್ನೂ..."

ನಾಲಿಗೆ ಹಿಂದೆ, ಗಂಟಲಿನ ಅಂಚಲ್ಲಿ... ಒಂದು ಕೂದಲಿನ ತುದಿ.

ತಂಗಿ ಮುಖ ಕಣ್ಮುಂದೆ ಬಂತು ಪ್ಲಂಬರಿಗೆ. ಇವನಿಗೇನಾದ್ರೂ ಆದ್ರೆ ಯಾವ ಮುಖ ಹೊತ್ಕೊಂಡು ಮನೆಗೆ ಹೋಗೋದು? ತಂತಿ ಬಾಯೊಳಗೆ ಬಿಟ್ಟು ಮೆಲ್ಲಗೆ ಕೊಕ್ಕೆ ಹಾಕಿದ. ಸುತ್ತಿದ. ಬಂತು. ಒಂದೆಳೆ ಅಲ್ಲ, ಒಂದು ಹಿಡಿ. ಗೇಣುದ್ದ... ಮೊಳದುದ್ದ... ಮಾರುದ್ದ... ಇನ್ನೂ ಬರ್ತಾನೇ ಇದೆ. ಪಿಚ ಪಿಚ ಅಂತ ಲೋಳೆ ಮೊಣಕೈ ತನಕ ಇಳೀತು. ಕೊಳೆತ ನೀರಿನ ನಾತ. ಕೂದಲ ಮಧ್ಯೆ ಮಧ್ಯೆ ಬಿಳಿ ಬಿಳಿ ಏನೋ... ಹೊಟ್ಟು. ತಲೆಹೊಟ್ಟು ರೀ! ಅಯ್ಯಪ್ಪಾ, ಹೇಳೋಕೇ ನನಗೆ ವಾಕರಿಕೆ ಬರುತ್ತೆ. ಮೇಷ್ಟ್ರು ಅಲ್ಲೇ ಕಾರ್ಕೊಂಡ್ರು. ಆದ್ರೆ ಮೊಬೈಲ್ ಮಾತ್ರ ಕೆಳಗಿಳಿಸಲಿಲ್ಲ, ಪಾಪ.

ಮದುಮಗನಿಗೆ ಒಂಚೂರು ಉಸಿರಾಡಿತು. "ಇನ್ನೇನು ಆಯ್ತು... ಅಲ್ಲಾಡಬೇಡ..."

ಆಗ... ಆ ಕಡೆಯಿಂದ ಎಳೀತು.

ಜೋರಾಗೇನಲ್ಲ. ತಲೆ ಬಾಚುವಾಗ ಸಿಕ್ಕಿಗೆ ಬಾಚಣಿಗೆ ತಗುಲಿದ್ರೆ ನಾವು ತಲೆ ಹಿಂದಕ್ಕೆ ಎಳ್ಕೋತೀವಲ್ಲ, ನೋವಾಗಿ... ಹಂಗೆ.

ಅವತ್ತು ಪ್ಲಂಬರಿಗೆ ಜೀವನದಲ್ಲಿ ಮೊದಲ ಸಲ ನಿಜವಾದ ಹೇಸಿಗೆ ಆಯ್ತು. ಭಯ ಅಲ್ಲ, ಹೇಸಿಗೆ, ಅಂತಾನೆ ಇವತ್ತಿಗೂ. ತನ್ನ ಬೆರಳಿಗೆ ಸುತ್ಕೊಂಡಿರೋ ಕೂದಲಿಗೆ ಆ ಕಡೆ ಒಂದು ತಲೆ ಇದೆ ಅಂತ ಅನಿಸಿ ಮೈಯೆಲ್ಲ ಹುಳ ಹರಿದಂಗಾಯ್ತು. ಅದು ಕೈಯಿಂದ ಬಿಟ್ಟುಹೋದ್ರೆ ಸಾಕಾಗಿತ್ತು ಅವನಿಗೆ. ಮೇಜಿನ ಮೇಲೆ ಬ್ರೆಡ್ ಕೊಯ್ಯೋ ಚಾಕು ಇತ್ತು. ಗೊತ್ತಿದ್ದೂ ಗೊತ್ತಿದ್ದೂ... ಕಚಕ್ ಅಂತ ಕೊಯ್ದುಬಿಟ್ಟ.

ಸರ್ರ್... ಅಂತ ಉಳಿದಿದ್ದು ಒಳಕ್ಕೆ ಜಾರಿತು. ಗುಟುಕ್. ಮದುಮಗ ಉದ್ದಕ್ಕೆ ಉಸಿರೆಳೆದು, "ಅಬ್ಬಾ, ಹೋಯ್ತು ಕಣೋ" ಅಂದ. ಮಗ್ಗುಲಾಗಿ ಗೊರಕೆ ಹೊಡೆಯೋಕೆ ಶುರು ಮಾಡಿದ.

"ಹೋಗಿದ್ದು ಒಳಗಡೆ" ಅಂದ್ರು ಮೇಷ್ಟ್ರು ಮೆಲ್ಲಗೆ.

ಊರಿಗೆ ಬಂದು ಡಾಕ್ಟರಿಗೆ ತೋರಿಸಿದ್ರು. ಗಂಟಲಿಗೆ ಟ್ಯೂಬ್ ಬಿಟ್ಟು ನೋಡಿದ್ರು, ಏನೂ ಇಲ್ಲ ಅಂದ್ರು. ಅಣ್ಣ ತಂಗಿನ ಕೂರಿಸ್ಕೊಂಡು ಒಂದೂ ಬಿಡದೆ ಹೇಳಿ, "ಬೇಡ ಅಂದ್ರೆ ಈಗಲೇ ಅನ್ನು. ನಾನೇ ಮಾತಾಡ್ತೀನಿ" ಅಂದ. ಅವಳು ಅತ್ತಳು. ಬಾಯಿಗೆ ಬಂದಂಗೆ ಬೈದಳು. ಕೊನೆಗೆ, "ಕೊಯ್ದೋನು ನೀನು. ಇನ್ಮೇಲೆ ತೆಗೆಯೋನೂ ನೀನೇ" ಅಂದು ಮದುವೆ ಆದಳು.

ನಗ್ಬೇಡಿ. ಪ್ರತಿ ಚಳಿಗಾಲ, ಬಾಯಲ್ಲಿ ಹೊಗೆ ಬರೋಷ್ಟು ಚಳಿ ಬಿದ್ದ ಮೊದಲ ರಾತ್ರಿ, ಅವನಿಗೆ ತಂಗಿ ಫೋನ್ ಬರುತ್ತೆ. ತಂತಿ ತಗೊಂಡು ಓಡ್ತಾನೆ. ಅವಳು ಟಾರ್ಚ್ ಹಿಡೀತಾಳೆ, ಇವನು ಸುತ್ತುತಾನೆ. ಬಕೆಟ್ ತುಂಬುತ್ತೆ. ಪೂರ್ತಿ ಮಾತ್ರ ಯಾವತ್ತೂ ಬಂದಿಲ್ಲ. ಆ ಕಡೆಯಿಂದ ಎಳೆದ ತಕ್ಷಣ ಅವನ ಕೈ ತಾನಾಗೇ ಬಿಟ್ಟುಬಿಡುತ್ತೆ. ತಂಗಿ ಅಣ್ಣನ ಮುಖಾನೇ ನೋಡ್ತಾಳೆ.

ಈ ಸಲ ಬಕೆಟ್ ಹಿಡ್ಕೊಂಡಿದ್ದು ನಾನು. ಯಾರ ಮೇಲೆ ಬೇಕಾದ್ರೂ ಆಣೆ ಇಡ್ತೀನಿ, ಈ ಎರಡು ಕಣ್ಣಿಂದ ನೋಡಿದ್ದು. ಇಷ್ಟು ವರ್ಷ ಬಿಡಿ ಕೂದಲು ಬರ್ತಿತ್ತು. ಈ ಸಲ ಬಂದಿದ್ದು ಹೆಣೆದ ಜಡೆ.