ಮಗ್ಗ ನಿಂತ್ರೆ ಎದ್ದು ಬರ್ತೀನಿ

ಅಯ್ಯೋ, ಸೆರಗು ಹಂಗಲ್ಲ ಕಣೇ ಪ್ರಮೋದಾ! ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸ್ಕೋ... ಹಾಂ. ಜಡೆ ಬೇಡ, ತುರುಬು ಕಟ್ಟು. ಹಾಳಾದ್ ಮಗ್ಗದ ಬೆಲ್ಟು, ಒಂದೆಳೆ ಕೂದಲು ಸಿಕ್ರೂ ಬಿಡಲ್ಲ. ಯಾಕೆ ಮುಖ ಗಂಟಿಕ್ತೀಯಾ? ಅತ್ತೆ ಕಿರುಚ್ತಾಳೆ ಅಂತಾನಾ? ಮಗ್ಗ ಓಡೋ ಮನೇಲಿ ಮೆಲ್ಲಗೆ ಮಾತಾಡೋರು ಯಾರವ್ವಾ! ನಾವು ನೇಕಾರರು ಮಾತು ಕೇಳೋದಲ್ಲ, ಬಾಯಿ ನೋಡಿ ತಿಳ್ಕೊಳ್ಳೋದು.

ಹೆದ್ರಬೇಡ. ಹಗಲು ಕರೆಂಟು ಕೊಡಲ್ಲ ಪಾಪಿಗಳು. ರಾತ್ರಿ ನೇಯದಿದ್ರೆ ನಿನ್ ಕೂಸಿಗೆ ಹಾಲೆಲ್ಲಿಂದ ತರೋಣ? ಒಬ್ಳೇ ಅನ್ಕೋಬೇಡ, ಗೋಡೆ ಆಚೆ ನಾನ್ ಮಲಗಿರ್ತೀನಲ್ಲ. ಮಗ್ಗ ಓಡ್ತಿದ್ರೆ ನಮಗದು ಜೋಗುಳ. ನಿಂತ್ರೆ ಸಾಕು, ಎಚ್ಚರ ಆಗ್ಬಿಡುತ್ತೆ. ಲಾಳಿ ಹಾರಿ ಬಡೀತು ಅಂದ್ಕೋ, ಮಗ್ಗ ತಾನಾಗೇ ನಿಲ್ಲುತ್ತೆ. ನಿಂತ ಗಳಿಗೆಗೇ ಓಡಿ ಬರ್ತೀನಿ. ನಮ್ಮತ್ತೆ ನನ್ನ ಹಂಗೇ ಕಾದಿದ್ರು.

ಏನು? ಭೀಮರಾಜ ಬಿದ್ದ ರಾತ್ರಿ ಯಾಕೆ ಬರ್ಲಿಲ್ಲ ಅಂತಾನಾ?... ನೀನು ಬಾಣಂತನಕ್ಕೆ ತವರೂರು ಆವತಿಗೆ ಹೋಗಿದ್ದೆ, ನಿನಗೇನು ಗೊತ್ತು. ಅವತ್ತು ನಂಗೆ ಜ್ವರ ಕಣೇ. ಮಾತ್ರೆ ನುಂಗಿ ಮಲಗಿದ್ದೆ. ಲಾಳಿ ನನ್ ಮಗನ ಕಣತಲೆಗೆ ಬಡಿದು... ಬೆಳಿಗ್ಗೆ ಪಕ್ಕದ್ಮನೆ ಪಿಳ್ಳಣ್ಣ ಬಂದು ನೋಡಿದಾಗ ಮೈ ಇನ್ನೂ ಬೆಚ್ಚಗಿತ್ತಂತೆ. ಹಾಳು ಮಾತ್ರೆ! ಬಿಡು...

ನೀನು ನೇಯ್ತಿರು, ನಾನ್ ಗೂಡಿಗೆ ದೀಪ ಇಡ್ತೀನಿ. ಚೌಡೇಶ್ವರಿ, ತಾಯೀ, ಇವಳನ್ನಾದ್ರೂ ಉಳಿಸವ್ವಾ... ತೂಕಡಿಕೆ ಬಂದ್ರೆ ಮುಖಕ್ಕೆ ತಣ್ಣೀರು ಹಾಕ್ಕೋ ಕಣೇ. ಲಾಳಿ ಬರೋ ದಿಕ್ಕಿಗೆ ನಿಲ್ಬೇಡ. ಆಹಾ, ಎಷ್ಟ್ ಚೆನ್ನಾಗ್ ಓಡಿಸ್ತೀಯೇ ಮಗ್ಗಾನ! ಒಂದೇ ಸಮ... ಥೇಟ್ ಭೀಮರಾಜನ ಕೈ...

ಯಾಕೇ? ದೀಪ ಇಟ್ಟು ತಿರುಗೋ ಅಷ್ಟರಲ್ಲಿ ಹಿಂಗ್ಯಾಕೆ ನಿಂತೆ? ಲಾಳಿ... ಲಾಳಿ ಯಾಕೆ ಅಲ್ಲಾಡ್ತಿಲ್ಲ? ಕಾಲಡಿ ನೆಲ ಇನ್ನೂ ಅದುರ್ತಾನೇ ಇದೆಯಲ್ಲ, ಯಾವಾಗ ನಿಲ್ಲಿಸ್ದೆ?

ಹಂಗ್ ನೋಡ್ಬೇಡ. ಕಿವಿ ಹೋಗಿದೆ ಅಂತ ಹೇಳಿದ್ರೆ ಕೂಸು ಎತ್ಕೊಂಡು ತವರಿಗೆ ಹೋಗ್ಬಿಡ್ತೀಯ ಅಂತ... ಜ್ವರ ಇರ್ಲಿಲ್ಲ ಕಣೇ ಅವತ್ತು. ಮಾತ್ರೇನೂ ಇಲ್ಲ. ಪಿಳ್ಳಣ್ಣನ ಮಗ್ಗಕ್ಕೆ ನೆಲ ಅದುರ್ತಾ ಇತ್ತು. ನನ್ ಮಗ ನೇಯ್ತಿದಾನೆ ಅಂತ ಮಲಗೇ ಇದ್ದೆ... ಏನಾದ್ರೂ ಅನ್ನೇ, ಬೈಯಾದ್ರೂ ಬೈಯ್ಯೇ ತಾಯಿ! ತುಟಿ ಅಲ್ಲಾಡ್ಸದಿದ್ರೆ ನಂಗೆ ಹೆಂಗೇ ತಿಳೀಬೇಕು?